ಒಂದು ಹಳೆಯ ಕ್ಷೌರದ ಕತ್ತಿ

ಇಂದು ನಾನು ಮಾತನಾಡಬೇಕೆಂದಿರುವುದು ಅಂಗೈಯಲ್ಲಿ ಅಡಗುವ ಒಂದು ವಸ್ತುವನ್ನು ಕುರಿತು. ಅದು ಕ್ಷೌರದ ಕತ್ತಿ. ಈಗ ಎಲ್ಲ ಅಂಗಡಿಗಳಲ್ಲಿಯೂ ಕಾಣುವ, ಅರ್ಧ ಬ್ಲೇಡನ್ನು ಸಿಕ್ಕಿಸಿ ಬಳಸುವ ಸಾಧನವಲ್ಲ. ತನ್ನ ಹಿಡಿಯೊಳಕ್ಕೆ ತಾನೇ ಮಡಿಚಿಕೊಳ್ಳುವ, ಅಲಗೆಲ್ಲ ಒಂದೇ ಉಕ್ಕಿನ, ಮಸೆದು ಮಸೆದು ಎರಡು ಮೂರು ತಲೆಮಾರು ಬಳಸುತ್ತಿದ್ದ ಹಳೆಯ ಕತ್ತಿ. ವಿಷಯ ಅಲ್ಪವೆಂದು ಕೇಳುಗರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ತುಕ್ಕು ಹಿಡಿದ ಒಂದು ಕತ್ತಿಯನ್ನು ಮನೆಯಲ್ಲಿ ಕುಳಿತು ಒರೆಸಿ, ಮಸೆದು, ಮತ್ತೆ ಕೆಲಸಕ್ಕೆ ಬರುವಂತೆ ಮಾಡಲು ಹೊರಟವನಿಗೆ ಅದು ಎಲ್ಲಿಂದ ಬಂತು, ಅದರ ಉಕ್ಕು ಯಾವುದು, ಅದನ್ನು ಹಿಡಿದ ಕೈ ಯಾರದು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಎದುರಾಗುತ್ತವೆ. ಈ ಮಾತುಕತೆ ಆ ಪ್ರಶ್ನೆಗಳ ಬೆನ್ನುಹತ್ತಿ ಹೋದವನ ವರದಿ.

ಕತ್ತಿ ನನ್ನ ಕೈಗೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗೆ ಕ್ಷೌರ ಮಾಡುತ್ತಿದ್ದ ಹಿರಿಯರ ಮೊಮ್ಮಗ ಈಗ ಪಟ್ಟಣದಲ್ಲಿ ಅಂಗಡಿ ಇಟ್ಟಿದ್ದಾರೆ. ಒಂದು ದಿನ ಕೆಲಸ ಮುಗಿಸಿ, ಹೆಗಲ ಮೇಲಿನ ಬಟ್ಟೆ ಕೊಡವುತ್ತಾ, ಮೇಜಿನ ಖಾನೆಯಿಂದ ಒಂದು ಚಿಂದಿಯ ಗಂಟನ್ನು ತೆಗೆದರು. "ಸಾರ್, ನಮ್ಮಜ್ಜಂದು. ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ನಿಮಗೆ ಹಳೇದು ಅಂದ್ರೆ ಇಷ್ಟ ಅಲ್ವಾ, ನೋಡಿ, ಏನಾದ್ರೂ ಮಾಡೋಕಾಗುತ್ತಾ" ಎಂದರು. ಬಿಚ್ಚಿ ನೋಡಿದರೆ ಕೆಂಪು ತುಕ್ಕಿನ ಹೊದಿಕೆಯೊಳಗೆ ಅಲಗು; ಹುಳು ಅಲ್ಲಲ್ಲಿ ಕೊರೆದ ಎಮ್ಮೆಕೊಂಬಿನ ಹಿಡಿ; ತಿರುಗಣಿಯ ಹಿತ್ತಾಳೆಯ ಮೊಳೆ ಹಸಿರುಗಟ್ಟಿ ಜಗ್ಗಿದರೂ ಮಿಸುಕದು. ನನಗೆ ತಟ್ಟನೆ ಆ ಹಿರಿಯರ ಮುಖಕ್ಕಿಂತ ಮೊದಲು ಅವರ ಕೈ ನೆನಪಾಯಿತು. ನನ್ನ ಕಿವಿಯನ್ನು ಎರಡು ಬೆರಳಿನಲ್ಲಿ ಮಡಿಚಿ ಹಿಡಿದು, ಅದರ ಹಿಂದೆ ಈ ಕತ್ತಿಯನ್ನು ಎಳೆಯುವಾಗ ನಾನು ಉಸಿರು ಬಿಗಿಹಿಡಿದಿದ್ದ ಕ್ಷಣ ನೆನಪಾಯಿತು.

ಕತ್ತಿಯ ಹೆಸರೇ ಬಹಳ ಹಳೆಯದು. ಸಂಸ್ಕೃತದ 'ಕ್ಷುರ' ಎಂಬ ಪದಕ್ಕೂ ಗ್ರೀಕರು ಇದೇ ಸಾಧನಕ್ಕೆ ಹೇಳುತ್ತಿದ್ದ 'ಕ್ಸುರೋನ್' ಎಂಬ ಪದಕ್ಕೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಕ್ಷೌರ, ಕ್ಷೌರಿಕ ಎಂಬುವು ಅದರ ನೇರ ಮಕ್ಕಳು. ನಮ್ಮ ಚೂರಿ ಮತ್ತು ಹಳಗನ್ನಡ ಕಾವ್ಯದ ಸುರಗಿ 'ಕ್ಷುರಿಕಾ' ಎಂಬುದರ ಮೂಲಕ ಬಂದ ಮೊಮ್ಮಕ್ಕಳು. ಋಗ್ವೇದದ ಎಂಟನೆಯ ಮಂಡಲದ ಒಂದು ಸೂಕ್ತದಲ್ಲಿ, ಕ್ಷುರವನ್ನು ಮಸೆದು ಹರಿತಗೊಳಿಸುವಂತೆ ನಮ್ಮನ್ನು ಹರಿತಗೊಳಿಸು ಎಂಬ ಅರ್ಥದ ಪ್ರಾರ್ಥನೆಯಿದೆ. ಕಠೋಪನಿಷತ್ತಿನಲ್ಲಿ ಆತ್ಮಜ್ಞಾನದ ದಾರಿಗೆ ಕ್ಷುರಧಾರೆಯನ್ನು ಹೋಲಿಸಿರುವುದು ಎಲ್ಲರಿಗೂ ಗೊತ್ತು. ಆ ಹೋಲಿಕೆಯಿಂದಲೇ ಸಾಮರ್ಸೆಟ್ ಮಾಮ್ 1944ರಲ್ಲಿ ತನ್ನ ಒಂದು ಕಾದಂಬರಿಗೆ ಹೆಸರು ಪಡೆದ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹೋಲಿಕೆಗೆ ಕ್ಷೌರದ ಕತ್ತಿಯನ್ನು ತೆಗೆದುಕೊಳ್ಳಲು ನಮ್ಮ ಪರಂಪರೆ ಹಿಂಜರಿಯಲಿಲ್ಲ. ಕತ್ತಿ ಹಿಡಿದವನನ್ನು ಮಾತ್ರ ಜಗಲಿಯ ಮೇಲಕ್ಕೆ ಹತ್ತಿಸಲಿಲ್ಲ. ನಮ್ಮ ಮನೆಯಲ್ಲಿ ಕ್ಷೌರ ನಡೆಯುತ್ತಿದ್ದುದು ಹಿತ್ತಲಿನ ಹಲಸಿನ ಮರದ ಕೆಳಗೆ. ಅದಾದ ಮೇಲೆ ಸ್ನಾನವಾಗುವವರೆಗೆ ನಾವು ಏನನ್ನೂ ಮುಟ್ಟುವಂತಿರಲಿಲ್ಲ. ಆ ಹಿರಿಯರು ಹನ್ನೆರಡು ಆಯಗಾರರಲ್ಲಿ ಒಬ್ಬರು. ಕಮ್ಮಾರ, ಬಡಗಿ, ಕುಂಬಾರ, ಅಗಸರಂತೆ ಅವರಿಗೂ ಸುಗ್ಗಿಯಲ್ಲಿ ಕಣದಿಂದ ಆಯ ಸಲ್ಲುತ್ತಿತ್ತು. ಎಪ್ಪತ್ತರ ಆ ಮುದುಕರನ್ನು ಎಂಟು ವರ್ಷದ ನಾನು ಏಕವಚನದಲ್ಲಿ ಕರೆಯುತ್ತಿದ್ದೆ. 'ಬಾರೋ' ಎನ್ನುತ್ತಿದ್ದೆ. ಯಾರೂ ತಿದ್ದಲಿಲ್ಲ.

ಪ್ರಾಚೀನರಲ್ಲಿ ಅಲಗಿನ ಹರಿತವನ್ನು ಕೆಲಸಗಾರನ ಕಣ್ಣಿನಿಂದ ನೋಡಿದವನೆಂದರೆ ಸುಶ್ರುತ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯ ಶಸ್ತ್ರಗಳನ್ನು ಕುರಿತದ್ದು. ಅದನ್ನು ಓದುವಾಗ ನನಗೆ ರೋಮಾಂಚವಾಯಿತೆಂದರೆ ಅತಿಶಯವಲ್ಲ. ಸೀಳುವ ಶಸ್ತ್ರದ ಅಂಚು ಮಸೂರದ ಬೇಳೆಯಷ್ಟು ದಪ್ಪವಿದ್ದರೆ ಸಾಕು. ಕೆರೆಯುವುದರ ಅಂಚು ಅದರ ಅರ್ಧ. ಚುಚ್ಚಿ ರಕ್ತ ತೆಗೆಯುವುದರದು ಕೂದಲಿನಷ್ಟು. ಕತ್ತರಿಸಿ ತೆಗೆಯುವುದರದು ಕೂದಲಿನ ಅರ್ಧದಷ್ಟು ಎಂದು ಅವನು ಅಳತೆ ಕೊಡುತ್ತಾನೆ. ಮಸೆಯುವುದಕ್ಕೆ ಉದ್ದಿನ ಬಣ್ಣದ ನುಣುಪಾದ ಕಲ್ಲು ಬೇಕು. ಮಸೆದ ಮೇಲೆ ಧಾರೆಯನ್ನು ನೆಲೆಗೊಳಿಸಲು ಶಾಲ್ಮಲಿಯ, ಎಂದರೆ ಬೂರುಗದ ಮರದ ಹಲಗೆ ಬೇಕು. ರೋಮವನ್ನು ಕತ್ತರಿಸುವಷ್ಟು ಹರಿತವಾದಾಗಲೇ ಶಸ್ತ್ರ ಕೈಗೆ ತೆಗೆದುಕೊಳ್ಳಲು ಯೋಗ್ಯ. ಕಲ್ಲಿನ ಮೇಲೆ ಮಸೆ, ಮೆತ್ತನೆಯ ವಸ್ತುವಿನ ಮೇಲೆ ಒರೆ, ಕೂದಲಿನಿಂದ ಪರೀಕ್ಷಿಸು: ಇಂದಿಗೂ ಕ್ಷೌರದ ಕತ್ತಿಯನ್ನು ಸಿದ್ಧಪಡಿಸುವವರು ಮಾಡುವುದು ಈ ಮೂರನ್ನೇ. ನಡುವೆ ಕನಿಷ್ಠ ಒಂದೂವರೆ ಸಾವಿರ ವರ್ಷಗಳು ಕಳೆದಿವೆ. ಬೂರುಗದ ಹಲಗೆಯ ಬದಲು ಚರ್ಮದ ಪಟ್ಟಿ ಬಂದಿದೆ, ಅಷ್ಟೆ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ತುಕ್ಕು ತೆಗೆಯುವುದೆಂದರೆ ಉಜ್ಜಿ ಹೊಳೆಯಿಸುವುದೆಂದು ಮೊದಲು ನಾನು ತಿಳಿದಿದ್ದೆ. ಹಾಗಲ್ಲ. ತುಕ್ಕಿನಲ್ಲಿ ಎರಡು ಬಗೆ. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತಲೇ ಹೋಗುತ್ತದೆ, ಅದನ್ನು ಉಳಿಸಬಾರದು. ವರ್ಷಾನುವರ್ಷದ ಬಳಕೆಯಿಂದ ಕೂಡುವ ಬೂದುಗಪ್ಪು ಪೊರೆ ಬೇರೆ. ಅದು ಉಕ್ಕಿಗೆ ಹೊದಿಕೆಯಿದ್ದಂತೆ, ಮತ್ತಷ್ಟು ತುಕ್ಕನ್ನು ಬೇಗ ಒಳಬಿಡದು. ನಾನು ಅಲಗನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ, ನಯವಾದ ಎಮರಿ ಕಾಗದವನ್ನು ಎಣ್ಣೆಯಲ್ಲಿ ಅದ್ದಿ, ಬೆನ್ನಿನಿಂದ ಅಂಚಿನ ಕಡೆಗೆ ಮಾತ್ರ ಒರೆಸುತ್ತಾ ಕೆಂಪನ್ನು ತೆಗೆದು ಕಪ್ಪನ್ನು ಬಿಟ್ಟೆ. ಯಂತ್ರದ ಚಕ್ರಕ್ಕೆ ಹಿಡಿದಿದ್ದರೆ ಅರ್ಧ ಗಂಟೆಯಲ್ಲಿ ಕನ್ನಡಿಯಂತಾಗುತ್ತಿತ್ತು. ಆದರೆ ಅಲಗಿನ ಬುಡದ ಮೇಲೆ ಏನೋ ಅಕ್ಷರಗಳ ನೆರಳಿತ್ತು, ಹೊಳಪಿನ ಆಸೆಗೆ ಬಿದ್ದಿದ್ದರೆ ಅದು ಅಳಿಸಿಹೋಗುತ್ತಿತ್ತು. ಹಿಡಿಯ ಒಳಮೈಯಲ್ಲಿ ಸೂಜಿಯಿಂದ ಗೀರಿದ ಮೂರು ಗೆರೆಗಳೂ ಕಂಡವು. ಅಣ್ಣತಮ್ಮಂದಿರ ಕತ್ತಿಗಳು ಅದಲುಬದಲಾಗದಿರಲೆಂದು ಅಜ್ಜ ಹಾಕಿಕೊಂಡಿದ್ದ ಗುರುತು ಅದು ಎಂದು ಮೊಮ್ಮಗ ಆಮೇಲೆ ಹೇಳಿದರು. ಹಳೆಯ ವಸ್ತುವನ್ನು ದುರಸ್ತಿ ಮಾಡುವವನು ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು ಎಂಬುದೇ ದೊಡ್ಡ ಪ್ರಶ್ನೆ. ಶಾಸನ ಓದುವವರಿಗೂ ಗ್ರಂಥ ಸಂಪಾದನೆ ಮಾಡುವವರಿಗೂ ಇದು ಪರಿಚಯವಾದದ್ದೇ. ಕೊಂಬಿನ ಹಿಡಿಗೆ ಕೊಬ್ಬರಿ ಎಣ್ಣೆ ಸವರಿ ಬಿಸಿಲು ತಾಗದ ಕಡೆ ಇಟ್ಟೆ. ಮೊಳೆಗೆ ದಿನಕ್ಕೊಂದು ತೊಟ್ಟು ಎಣ್ಣೆ. ಐದನೆಯ ದಿನ ಕತ್ತಿ ಒಂದು ಸಣ್ಣ ಕಿರುಗುಟ್ಟುವಿಕೆಯೊಡನೆ ತೆರೆದುಕೊಂಡಿತು.

ಅಕ್ಷರಗಳು ಎರಡು ಸಾಲು. ಮೇಲಿನದು ತಯಾರಕನ ಹೆಸರು, ಅರ್ಧ ತಿಂದುಹೋಗಿದೆ. ಕೆಳಗಿನದು ಸ್ಪಷ್ಟ: ಶೆಫೀಲ್ಡ್, ಇಂಗ್ಲೆಂಡ್. ದೇಶದ ಹೆಸರು ಇರುವುದೇ ಕಾಲಸೂಚಕ. ಆಮದಾಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ 1890ರ ಸುಂಕದ ಕಾಯಿದೆಯಲ್ಲಿ ವಿಧಿಸಿತು. 1891ರಿಂದ ಅದು ಜಾರಿಗೆ ಬಂದ ಮೇಲೆ ಶೆಫೀಲ್ಡಿನವರು ಊರಿನ ಹೆಸರಿನ ಜೊತೆಗೆ ದೇಶದ ಹೆಸರನ್ನೂ ಒತ್ತುವುದು ವಾಡಿಕೆಯಾಯಿತು. ಆದ್ದರಿಂದ ಈ ಕತ್ತಿ ಅದಕ್ಕಿಂತ ಹಿಂದಿನದಾಗಿರುವ ಸಂಭವ ಕಡಿಮೆ. ಇನ್ನು ಅಲಗಿನ ಎರಡೂ ಕೆನ್ನೆಗಳು ಚಕ್ರದಲ್ಲಿ ಅರೆದು ಒಳಕ್ಕೆ ಬಗ್ಗಿರುವುದೂ ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ಬಂದ ಪದ್ಧತಿ. ಹಿಂದಿನ ಕತ್ತಿಗಳು ಬೆಣೆಯಂತೆ ನೇರ ಇಳಿಜಾರಿನವು. ಹಿಡಿಯ ಕೊಂಬಂತೂ ಒಂದು ಸುತ್ತು ತಿರುಗಿ ಬಂದಿರಬಹುದು. ಶೆಫೀಲ್ಡಿನ ಹಿಡಿಗಾರರಿಗೆ ಬೇಕಾದ ಕೊಂಬು ಭಾರತದಿಂದಲೂ ಹಡಗೇರಿ ಹೋಗುತ್ತಿತ್ತು.

ಶೆಫೀಲ್ಡ್ ಕತ್ತಿಗಳ ಕೀರ್ತಿ ನಿಂತಿರುವುದು ಮೂಸೆಯ ಉಕ್ಕಿನ ಮೇಲೆ. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸಗಾರ ತನ್ನ ಸ್ಪ್ರಿಂಗುಗಳಿಗೆ ಒಳ್ಳೆಯ ಉಕ್ಕು ಸಿಗದೆ ಬೇಸತ್ತು, 1740ರ ಸುಮಾರಿನಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಸಂಪೂರ್ಣ ಕರಗಿಸುವ ವಿಧಾನವನ್ನು ಕಂಡುಕೊಂಡ. ಕರಗಿದ ಉಕ್ಕಿನಲ್ಲಿ ಕಿಟ್ಟ ಬೇರೆಯಾಗುತ್ತದೆ, ಇಂಗಾಲ ಸಮನಾಗಿ ಹರಡುತ್ತದೆ, ಅಂಚು ಎಲ್ಲೆಡೆಯೂ ಒಂದೇ ಗುಣದ್ದಾಗುತ್ತದೆ. ಕ್ಷೌರದ ಕತ್ತಿಗೆ ಇದಕ್ಕಿಂತ ದೊಡ್ಡ ವರ ಬೇರೆಯಿಲ್ಲ. ಯೂರೋಪಿಗೆ ಇದು ಹೊಸತಾಗಿತ್ತು. ನಮಗೆ ಹೊಸತಲ್ಲ.

ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಕ್ರಿಸ್ತಪೂರ್ವ 1000ದ ಸುಮಾರಿನ ಕಬ್ಬಿಣ ದೊರೆತಿದೆ. ಅಲ್ಲಿಂದ ಮೂಸೆಯ ಉಕ್ಕಿನವರೆಗಿನ ದಾರಿ ಉದ್ದವಾದದ್ದು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮವರು ಉಕ್ಕು ಮಾಡುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಗ್ರಂಥ 1807ರಲ್ಲಿ ಅಚ್ಚಾಯಿತು. ದಕ್ಷಿಣದ ಈ ವಿಧಾನದ ತಿರುಳು ಸರಳ. ಮೆದು ಕಬ್ಬಿಣದ ತುಂಡುಗಳನ್ನು ಅಂಗೈಯಗಲದ ಮಣ್ಣಿನ ಮೂಸೆಗೆ ತುಂಬುತ್ತಾರೆ. ಜೊತೆಗೆ ತಂಗಡಿ ಗಿಡದ ಒಣಗಿದ ಕಡ್ಡಿ, ಒಂದೆರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಾರೆ. ಇದ್ದಲಿನ ಕುಲುಮೆಯಲ್ಲಿ ಸಾಲಾಗಿ ಜೋಡಿಸಿ ತಿದಿ ಊದುತ್ತಾರೆ. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣವನ್ನು ಸೇರುತ್ತದೆ, ಕಬ್ಬಿಣ ಉಕ್ಕಾಗಿ ಕರಗುತ್ತದೆ. ತಣ್ಣಗಾದ ಮೇಲೆ ಮೂಸೆಯನ್ನು ಒಡೆದರೆ ಒಂದು ಬಿಲ್ಲೆ. ನಮ್ಮ ಬೇಲಿಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿಗೆ ಇಂಥ ಚರಿತ್ರೆಯಿದೆಯೆಂದು ತಿಳಿದಂದಿನಿಂದ ನಾನು ಆ ಗಿಡವನ್ನು ನೋಡುವ ಬಗೆಯೇ ಬೇರೆಯಾಗಿದೆ.

ಈ ಬಿಲ್ಲೆಗಳು ಲಂಡನ್ನಿಗೆ ಹೋದ ಕಥೆ ಇನ್ನೂ ಸೊಗಸಾದದ್ದು. ಬೊಂಬಾಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಅಲ್ಲಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ ಕೆಲವನ್ನು ಕಳಿಸಿದ. ಹೆಸರು 'ವೂಟ್ಸ್' ಎಂದು ಬರೆದಿತ್ತು. ಜಾರ್ಜ್ ಪಿಯರ್ಸನ್ 1795ರಲ್ಲಿ ಆ ಉಕ್ಕಿನ ಪರೀಕ್ಷೆಯನ್ನು ಕುರಿತು ಸೊಸೈಟಿಯಲ್ಲಿ ಪ್ರಬಂಧ ಓದಿದ. ಈ ವೂಟ್ಸ್ ಎಂದರೇನು? ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಎಂಬ ನಿಘಂಟಿನಲ್ಲಿ, ಇದು ಕನ್ನಡದ 'ಉಕ್ಕು' ಎಂಬುದನ್ನು ಬರೆದುಕೊಳ್ಳುವಲ್ಲಿಯೋ ಓದಿಕೊಳ್ಳುವಲ್ಲಿಯೋ ಆದ ತಪ್ಪಿನಿಂದ ಹುಟ್ಟಿರಬೇಕು ಎಂದು ಊಹಿಸಿದ್ದಾರೆ. ಹೆಚ್ಚಿನವರು ಒಪ್ಪಿರುವುದು ಆ ಊಹೆಯನ್ನೇ. ತೆಲುಗಿನಲ್ಲಿಯೂ ಉಕ್ಕು ಎಂದೇ ಹೇಳುತ್ತಾರಾದ್ದರಿಂದ ನಾವು ತೀರ ಬೀಗುವ ಕಾರಣವಿಲ್ಲ. ಆದರೂ ನಮ್ಮ ಮಾತೊಂದು ಗುಮಾಸ್ತನ ಕೈತಪ್ಪಿನಿಂದ ಮುಖ ಕೆಡಿಸಿಕೊಂಡು, ಅದೇ ಮುಖದಲ್ಲಿ ಲೋಕದ ಲೋಹಶಾಸ್ತ್ರದ ಗ್ರಂಥಗಳನ್ನೆಲ್ಲ ಸೇರಿಕೊಂಡಿತಲ್ಲ ಎಂದು ನಗು ಬರುತ್ತದೆ.

ಪಿಯರ್ಸನ್ನನ ಪರೀಕ್ಷೆಗಾಗಿ ಆ ಉಕ್ಕನ್ನು ಬಡಿದವನು ಲಂಡನ್ನಿನ ಸ್ಟ್ರಾಂಡ್ ಬೀದಿಯ ಜೇಮ್ಸ್ ಸ್ಟೋಡಾರ್ಟ್. ಶಸ್ತ್ರವೈದ್ಯರ ಸಾಧನಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುತ್ತಿದ್ದ ಕುಶಲಿ. ಒಂದು ಲೇಖನಿ ಚೂರಿಯನ್ನು ಮಾಡಿ ನೋಡಿ, ಬಡಿಯುವುದು ಕಷ್ಟವಾದರೂ ಅನೇಕ ಕೆಲಸಗಳಿಗೆ ಇದು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿರುವ ಎಲ್ಲ ಉಕ್ಕಿಗಿಂತ ಮೇಲೆಂದು ಅವನು ಅಭಿಪ್ರಾಯಪಟ್ಟ. ಕಷ್ಟವೇಕೆಂದರೆ, ಇದರಲ್ಲಿ ಇಂಗಾಲ ನೂರಕ್ಕೆ ಒಂದೂವರೆಯಷ್ಟು. ಯೂರೋಪಿನ ಕಮ್ಮಾರರ ವಾಡಿಕೆಯಂತೆ ಬಿಳಿಯಾಗುವವರೆಗೆ ಕಾಯಿಸಿದರೆ ಸುತ್ತಿಗೆಯ ಕೆಳಗೆ ಪುಡಿಯಾಗುತ್ತದೆ. ಕತ್ತಲೆಯಲ್ಲಿ ಮಾತ್ರ ಕಾಣುವ ಮಂದ ಕೆಂಪಿನಲ್ಲಿ ತಾಳ್ಮೆಯಿಂದ ಬಡಿಯಬೇಕು. ಸ್ಟೋಡಾರ್ಟನಿಗೆ ಆ ತಾಳ್ಮೆಯಿತ್ತು. ಅವನು ತನ್ನ ವ್ಯಾಪಾರದ ಚೀಟಿಯಲ್ಲಿಯೇ ವೂಟ್ಸನ್ನು ಹೆಸರಿಸಿ, ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ತನಗೆ ಇದೇ ಮೆಚ್ಚುಗೆಯೆಂದು ಅಚ್ಚುಹಾಕಿಸಿದ್ದ.

ಈ ಸ್ಟೋಡಾರ್ಟನ ಜೊತೆಗೆ ಸೇರಿದವನು ಒಬ್ಬ ಕಮ್ಮಾರನ ಮಗ, ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಉಕ್ಕಿನ ಫ್ಯಾರಡೆಯನ್ನು ಯಾರೂ ನಮಗೆ ಹೇಳಲಿಲ್ಲ. ಅವನು 1819ರಲ್ಲಿ ವೂಟ್ಸನ್ನು ವಿಶ್ಲೇಷಿಸಿದ. ಅದರ ಗುಟ್ಟು ಅಲ್ಯೂಮಿನಿಯಮ್ಮಿನ ಲೇಶದಲ್ಲಿದೆಯೆಂದು ಭಾವಿಸಿದ, ಅದು ತಪ್ಪಾಗಿತ್ತು. ಆದರೆ ತಪ್ಪುದಾರಿಯೂ ಒಂದು ಕಡೆಗೆ ಮುಟ್ಟಿಸುತ್ತದೆ. ಉಕ್ಕಿಗೆ ಬೇರೆ ಲೋಹ ಸೇರಿಸಿದರೆ ಏನಾದೀತೆಂದು ಇಬ್ಬರೂ ಬೆಳ್ಳಿ, ಪ್ಲಾಟಿನಮ್, ರೋಡಿಯಮ್ ಮುಂತಾದವನ್ನು ಬೆರಸಿ ಕರಗಿಸಿ ನೋಡಿ, 1820ರಲ್ಲಿಯೂ 1822ರಲ್ಲಿಯೂ ಪ್ರಬಂಧಗಳನ್ನು ಪ್ರಕಟಿಸಿದರು. ಐನೂರು ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಸೇರಿದ ಮಿಶ್ರಲೋಹವನ್ನು ಬಹಳ ಮೆಚ್ಚಿದರು. ಆಮೇಲೆ ಶೆಫೀಲ್ಡಿನ ಕತ್ತಿಗಳ ಮೇಲೆ 'ಬೆಳ್ಳಿ ಉಕ್ಕು' ಎಂಬ ಮುದ್ರೆ ಬಹುಕಾಲ ಕಾಣಿಸಿಕೊಂಡಿತು. ತಮ್ಮ ಉಕ್ಕಿನಲ್ಲಿ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆಯಾಗಿ ಕೊಟ್ಟ. ಸ್ಟೋಡಾರ್ಟ್ 1823ರಲ್ಲಿ ತೀರಿಕೊಂಡ. ಕೆಲಸ ಬೇಗನೆ ನಿಂತುಹೋಯಿತು. ನೂರು ವರ್ಷಗಳ ಮೇಲೆ ಸರ್ ರಾಬರ್ಟ್ ಹ್ಯಾಡ್‌ಫೀಲ್ಡ್ ಆ ಉಕ್ಕಿನ ಉಳಿದ ತುಣುಕುಗಳನ್ನು ಪರೀಕ್ಷಿಸಿ 1931ರಲ್ಲಿ ಪುಸ್ತಕ ಬರೆದು, ಮಿಶ್ರ ಉಕ್ಕಿನ ಶಾಸ್ತ್ರದ ಮೊದಲಿಗರಲ್ಲಿ ಫ್ಯಾರಡೆಯೊಬ್ಬನೆಂದು ತೋರಿಸಿದ.

ಅತ್ತ ಹೀಗೆ, ಇತ್ತ ನಮ್ಮ ಮೂಸೆಗಳು ಒಂದೊಂದಾಗಿ ಆರಿದವು. ಹಡಗಿನಲ್ಲಿ ಬರುತ್ತಿದ್ದ ಅಗ್ಗದ ಉಕ್ಕು ಒಂದು ಕಡೆ, ಇದ್ದಲಿಗೆ ಬೇಕಾದ ಕಾಡು ಕೈತಪ್ಪಿದ್ದು ಇನ್ನೊಂದು ಕಡೆ. ಭದ್ರಾವತಿಯಲ್ಲಿ 1923ರಲ್ಲಿ ದೊಡ್ಡ ಕುಲುಮೆ ಉರಿಯತೊಡಗುವ ಹೊತ್ತಿಗೆ ಹಳೆಯ ಉಕ್ಕಿನವರು ಬಹುಮಟ್ಟಿಗೆ ನೆನಪಾಗಿಹೋಗಿದ್ದರು. ನಮ್ಮ ಹಳ್ಳಿಯ ಕ್ಷೌರಿಕರಿಗೂ ಕಮ್ಮಾರರಿಗೂ ಒಂದೇ ಕಣದಲ್ಲಿ ಆಯ ಸಲ್ಲುತ್ತಿತ್ತು. ಆದರೂ ಕ್ಷೌರಿಕರ ಹಡಪದೊಳಗೆ ಇದ್ದದ್ದು ಶೆಫೀಲ್ಡಿನ ಕತ್ತಿ.

ಕತ್ತಿಯನ್ನು ಮಸೆಯುವ ವಿಷಯದಲ್ಲಿ ನನ್ನ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕು. ಇದಕ್ಕೆ ಹಿಂದೆ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಒಂದು ಕತ್ತಿಯನ್ನು, ಬೀದಿಯಲ್ಲಿ ಸೈಕಲ್ ಚಕ್ರದ ಸಾಣೆ ತಿರುಗಿಸಿಕೊಂಡು ಬಂದವನ ಕೈಗೆ ಕೊಟ್ಟಿದ್ದೆ. ಆತ 'ಇದು ನನ್ನ ಸಾಣೆಗಲ್ಲ ಸ್ವಾಮಿ' ಎಂದ. ನಾನೇ ಬಿಡಲಿಲ್ಲ. ಕಿಡಿಗಳು ಹೂವಿನಂತೆ ಸುರಿದವು, ನೋಡಲು ಚೆಂದ. ಕೊನೆಗೆ ಅಂಚಿನ ಉದ್ದಕ್ಕೂ ಒಂದು ನೀಲಿ ಛಾಯೆ ಉಳಿಯಿತು. ಹದ ಹಾಕುವಾಗ ಇಂಥ ಉಕ್ಕನ್ನು ಕಾಯಿಸುವುದು ಹುಲ್ಲಿನ ಹಳದಿ ಬಣ್ಣ ತಿರುಗುವವರೆಗೆ ಮಾತ್ರ, ಎಂದರೆ 200 ಡಿಗ್ರಿಗಿಂತ ಸ್ವಲ್ಪ ಮೇಲಕ್ಕೆ. ನೀಲಿ ಎಂದರೆ ಸುಮಾರು 300 ಡಿಗ್ರಿ. ಅಲ್ಲಿಗೆ ಗಡಸು ಹೋಯಿತು. ಆ ಕತ್ತಿ ಈಗ ಕಾಗದ ಕತ್ತರಿಸುತ್ತದೆ. ಆದ್ದರಿಂದ ಅಜ್ಜನ ಕತ್ತಿಯನ್ನು ಕಲ್ಲಿಗೆ ತಾಗಿಸುವಾಗ ನನ್ನ ಕೈ ನಡುಗಿತೆಂದರೆ ಕೇಳುಗರು ನಗಬಾರದು. ಇನ್ನೊಂದು ಸಿಕ್ಕುವಂಥದ್ದಲ್ಲ ಅದು.

ಈ ಕತ್ತಿಯ ರಚನೆಯಲ್ಲಿಯೇ ಒಂದು ಜಾಣ್ಮೆಯಿದೆ. ಕಲ್ಲಿನ ಮೇಲೆ ಅದನ್ನು ತೀರ ಮಲಗಿಸಿ ಇಡಬೇಕು; ಅಂಚೂ ಬೆನ್ನೂ ಒಟ್ಟಿಗೆ ಕಲ್ಲನ್ನು ಮುಟ್ಟಬೇಕು. ಬೆನ್ನು ದಪ್ಪವಾಗಿರುವುದರಿಂದ ಅಂಚಿನ ಕೋನ ತಾನಾಗಿಯೇ ಹದಿನಾರು ಹದಿನೆಂಟು ಡಿಗ್ರಿಗೆ ನಿಲ್ಲುತ್ತದೆ. ಮಸೆಯುವವನು ಕೋನವನ್ನು ಅಂದಾಜು ಮಾಡಬೇಕಾಗಿಲ್ಲ. ಕತ್ತಿಯೇ ತನ್ನ ಅಳತೆಗೋಲು. ಅಂಚು ಸವೆದಂತೆ ಬೆನ್ನೂ ಸವೆಯುತ್ತದೆ, ಕೋನ ಬದಲಾಗದು. ಅಜ್ಜನ ಕತ್ತಿಯ ಬೆನ್ನಿನಲ್ಲಿ ಆ ಸವೆತ ಕಾಣುತ್ತದೆ. ತುದಿಯ ಕಡೆ ಹೆಚ್ಚು, ಬುಡದ ಕಡೆ ಕಡಿಮೆ. ಅವರು ಕಲ್ಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕತ್ತಿಯನ್ನು ಓರೆಯಾಗಿ ಎಳೆಯುತ್ತಿದ್ದ ಭಂಗಿ ಆ ಸವೆತದಿಂದಲೇ ಕಣ್ಣಿಗೆ ಕಟ್ಟುತ್ತದೆ. ಕಲ್ಲಿನ ಮೇಲೆ ಅಂಚು ಮುಂದಾಗಿ ಹೋಗಬೇಕು, ಒಂದು ಪೊರೆಯನ್ನು ಕಲ್ಲಿನಿಂದ ಸುಲಿಯುವಂತೆ. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು, ಅಂಚಿನ ಮೇಲೆ ಎಂದಿಗೂ ಅಲ್ಲ. ನಾನು ಬಳಸಿದ್ದು ಈಗ ಸಿಗುವ ಕೃತಕ ನೀರುಗಲ್ಲುಗಳನ್ನು. ಕಣದ ಸೂಕ್ಷ್ಮತೆಯನ್ನು ಸಾವಿರ, ನಾಲ್ಕು ಸಾವಿರ, ಎಂಟು ಸಾವಿರ ಎಂದು ಅಂಕಿಯಲ್ಲಿ ಹೇಳುತ್ತಾರೆ. ಸಾವಿರದ ಕಲ್ಲಿನಲ್ಲಿಯೇ ನನಗೆ ಮೂರು ಸಂಜೆ ಹಿಡಿಯಿತು, ಏಕೆಂದರೆ ತುಕ್ಕು ಕೊರೆದ ಕುಳಿಗಳು ಅಂಚಿನವರೆಗೂ ಬಂದಿದ್ದವು. ಕುಳಿ ಇರುವಲ್ಲಿ ಅಂಚಿಲ್ಲ. ಅದನ್ನು ದಾಟಿ ಒಳ್ಳೆಯ ಉಕ್ಕು ಸಿಕ್ಕುವವರೆಗೂ ಮಸೆಯಬೇಕು.

ಕಲ್ಲುಗಳದ್ದೇ ಒಂದು ಚರಿತ್ರೆಯಿದೆ. ರೋಮಿನ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ 36ನೆಯ ಸಂಪುಟದಲ್ಲಿ ಮಸೆಗಲ್ಲುಗಳನ್ನು ವಿಂಗಡಿಸುತ್ತಾ ಎಣ್ಣೆ ಕೇಳುವ ಕಲ್ಲು, ನೀರು ಕೇಳುವ ಕಲ್ಲುಗಳನ್ನು ಹೇಳಿ, ಕ್ಷೌರದ ಅಂಗಡಿಗಳಲ್ಲಿ ಮನುಷ್ಯನ ಉಗುಳಿನಿಂದ ಕೆಲಸ ಮಾಡುವ ಇನ್ನೊಂದು ಜಾತಿಯಿದೆ, ಸ್ಪೇನಿನ ಕಲ್ಲು ಅದರಲ್ಲಿ ಶ್ರೇಷ್ಠ ಎನ್ನುತ್ತಾನೆ. ಗಿರಾಕಿಗಳ ಪಾಡನ್ನು ಅವನು ವರ್ಣಿಸಿಲ್ಲ. ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳಲ್ಲಿ ಸಿಗುವ ಕೆನೆಹಳದಿ ಬಣ್ಣದ ಕೋಟಿಕ್ಯೂಲ್ ಎಂಬ ಕಲ್ಲಂತೂ ಯೂರೋಪಿನ ಕ್ಷೌರಿಕರೆಲ್ಲ ಬಯಸಿದ ವಸ್ತು; ಅದರ ಮೈಯಲ್ಲಿ ಅತಿಸೂಕ್ಷ್ಮ ಗಾರ್ನೆಟ್ ಹರಳುಗಳು ಕೂಡಿವೆ. ನಮ್ಮ ಅಜ್ಜನ ಹಡಪದಲ್ಲಿ ಇದ್ದದ್ದು ಒಂದು ಕಪ್ಪು ನುಣುಪು ಕಲ್ಲು, ನಡುವೆ ಸವೆದು ತಗ್ಗಾದದ್ದು. ಸುಶ್ರುತನ ಉದ್ದಿನ ಬಣ್ಣವೇ ಇರಬೇಕು. ಅದು ಏನಾಯಿತೆಂದು ಮೊಮ್ಮಗನನ್ನು ಕೇಳಿದೆ. "ಅಡಿಗೆಮನೇಲಿ ಈಳಿಗೆಮಣೆ ಮಸೀತಾ ಇದ್ರು ಸಾರ್, ಒಂದಿನ ಒಡೆದುಹೋಯ್ತು" ಎಂದರು.

ಕಲ್ಲಿನ ಮೇಲೆ ಚರ್ಮದ ಪಟ್ಟಿ. ಇಲ್ಲಿ ದಿಕ್ಕು ತಿರುಗುಮುರುಗು: ಬೆನ್ನು ಮುಂದೆ, ಅಂಚು ಹಿಂದೆ. ಇಲ್ಲವಾದರೆ ಪಟ್ಟಿ ಸೀಳುತ್ತದೆ, ಅಂಚು ಮೊಂಡಾಗುತ್ತದೆ. ಮೊದಲು ಒರಟು ಬಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಸಲ, ಆಮೇಲೆ ಚರ್ಮದ ಮೇಲೆ ಅದರ ಇಮ್ಮಡಿ. ಹೀಗೆ ಸಿದ್ಧವಾದ ಅಂಚಿನ ದಪ್ಪ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಗಡ್ಡದ ಕೂದಲಿನ ದಪ್ಪ ಅದರ ನೂರರಷ್ಟು. ಅಷ್ಟು ಮೆತ್ತನೆಯ ಕೂದಲು ಅಷ್ಟು ಗಡುಸಾದ ಉಕ್ಕನ್ನು ಹೇಗೆ ಮೊಂಡಾಗಿಸುತ್ತದೆ ಎಂಬ ಒಗಟಿಗೆ ಸ್ಪಷ್ಟ ಉತ್ತರ ಸಿಕ್ಕಿದ್ದು 2020ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರಿಂದ. ಅಂಚು ನಿಧಾನವಾಗಿ ಸವೆದು ದುಂಡಾಗುತ್ತದೆಂಬ ಹಳೆಯ ಎಣಿಕೆ ಪೂರ್ತಿ ಸರಿಯಲ್ಲ. ಕೂದಲು ಓರೆಯಾಗಿ ಬಾಗಿದಾಗ, ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಕಡೆ ಅಂಚಿನಿಂದ ಅತಿಸಣ್ಣ ಚೂರುಗಳು ಹಾರಿಹೋಗುತ್ತವೆ. ಅವರು ಪರೀಕ್ಷಿಸಿದ್ದು ಬಿಸಾಡುವ ಬ್ಲೇಡುಗಳನ್ನು. ಆದರೂ ಎಲ್ಲೆಡೆ ಒಂದೇ ಗುಣದ ಉಕ್ಕಿಗಾಗಿ ಹಂಟ್ಸ್‌ಮನ್ ಏಕೆ ಹಂಬಲಿಸಿದನೆಂಬುದು ಇದರಿಂದ ಇನ್ನಷ್ಟು ತಿಳಿಯಾಗುತ್ತದೆ.

ಬಿಸಾಡುವ ಬ್ಲೇಡು ಬಂದದ್ದು ಕಿಂಗ್ ಜಿಲೆಟ್ ಎಂಬ ಅಮೆರಿಕನ್ನನಿಂದ. ಮಾರಾಟದ ಮೊದಲ ವರ್ಷ 1903ರಲ್ಲಿ ಹೋದದ್ದು 51 ರೇಜರುಗಳು, 168 ಬ್ಲೇಡುಗಳು. 1918ರಲ್ಲಿ ಅಮೆರಿಕದ ಸರ್ಕಾರ ತನ್ನ ಸೈನಿಕರಿಗಾಗಿ ಕೊಂಡದ್ದು 35 ಲಕ್ಷ ರೇಜರು, 3 ಕೋಟಿ 60 ಲಕ್ಷ ಬ್ಲೇಡು. ಯುದ್ಧದಿಂದ ಮರಳಿದವರು ಆ ಅಭ್ಯಾಸವನ್ನು ಮನೆಗೆ ತಂದರು. ಮನೆಗಳಲ್ಲಿ ಹಳೆಯ ಕತ್ತಿಯ ಕಾಲ ಅಲ್ಲಿಗೆ ಮುಗಿಯಿತು. ನಮ್ಮ ಕ್ಷೌರದ ಅಂಗಡಿಗಳಲ್ಲಿ ಅದು ಇನ್ನೂ ಕೆಲವು ದಶಕ ಉಳಿದಿತ್ತು. 1986ರಲ್ಲಿ ಏಡ್ಸ್ ರೋಗದ ವೈರಾಣು ಭಾರತದಲ್ಲಿಯೂ ಪತ್ತೆಯಾಗಿ, ಒಬ್ಬರ ರಕ್ತ ತಾಗಿದ ಅಂಚು ಇನ್ನೊಬ್ಬರ ಕೆನ್ನೆಗೆ ಬರಬಾರದೆಂಬ ಅರಿವು ಹಬ್ಬಿದ ಮೇಲೆ, ಗಿರಾಕಿಗೊಂದು ಬ್ಲೇಡು ಎಂಬುದು ನಿಯಮವಾಯಿತು. ಆಗಬೇಕಾದದ್ದೇ. ಹಳೆಯದೆಲ್ಲ ಮರಳಲಿ ಎಂದು ಹಂಬಲಿಸುವವನು ನಾನಲ್ಲ. ಹಲಸಿನ ಮರದ ಕೆಳಗಿನ ಆ ದಿನಗಳಂತೂ ಮರಳುವುದು ಬೇಡ.

ಎಂಟು ಸಾವಿರದ ಕಲ್ಲೂ ಚರ್ಮದ ಪಟ್ಟಿಯೂ ಮುಗಿದ ಮೇಲೆ ನನ್ನ ತಲೆಯದೇ ಒಂದು ಕೂದಲನ್ನು ಕಿತ್ತು, ತುದಿಯಲ್ಲಿ ಹಿಡಿದು ಅಂಚಿನ ಮೇಲೆ ಇಳಿಬಿಟ್ಟೆ. ನಡುವಿನಲ್ಲಿ ಸದ್ದಿಲ್ಲದೆ ತುಂಡಾಯಿತು. ಕತ್ತಿಯನ್ನು ಅದೇ ಚಿಂದಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಮೊಮ್ಮಗ ಅದನ್ನು ತೆರೆದು ದೀಪದ ಕಡೆ ಹಿಡಿದು ನೋಡಿದರು. ಮೂರು ಗೆರೆಗಳನ್ನು ಹೆಬ್ಬೆರಳಿನಿಂದ ಸವರಿದರು. ಮುಂಗೈಯ ರೋಮದ ಮೇಲೆ ಬುಡದಿಂದ ತುದಿಯವರೆಗೆ ಮೆಲ್ಲಗೆ ಆಡಿಸಿದರು. "ತುದಿ ಚೆನ್ನಾಗಿ ಬಂದಿದೆ. ಬುಡದ ಕಡೆ ಒಂದ್ ಬೆರಳಿನಷ್ಟು ಇನ್ನೂ ಹಿಡೀತಾ ಇಲ್ಲ ಸಾರ್. ಅಜ್ಜನ ಕೈ ಓರೆ, ನೀವು ನೇರ ಮಸೆದಿದ್ದೀರಿ" ಎಂದರು. ನಾನು "ನಿಮ್ಮಜ್ಜ ಅವರು ಹೇಗೆ ಮಸೆಯುತ್ತಿದ್ದರು, ತೋರಿಸಿ" ಎಂದೆ. ಆ ಬಹುವಚನ ನನ್ನ ಬಾಯಿಂದ ಹೊರಟದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಅವರು ಪಟ್ಟಿಯನ್ನು ಹುಡುಕಲಿಲ್ಲ. ಎಡಗೈಯ ಅಂಗೈಯನ್ನು ಅಗಲಿಸಿ, ಅದರ ಮೇಲೆಯೇ ಕತ್ತಿಯನ್ನು ಓರೆಯಾಗಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಒರೆಯತೊಡಗಿದರು. ಕುರ್ಚಿಯಲ್ಲಿ ಕಾಯುತ್ತಿದ್ದ ಗಿರಾಕಿ ಪತ್ರಿಕೆಯನ್ನು ಕೆಳಗಿಳಿಸಿ ನೋಡುತ್ತಿದ್ದ.